ಬೋರೆಮರದಡಿಯ ಬಿಳಿ ಕಾರು

ಸೌದಿಯ ಥುಕ್ಬಾದಲ್ಲಿ, ನಮ್ಮ ಮಸೀದಿಯ ಅಂಗಳದಲ್ಲಿ ಆ ಶುಕ್ರವಾರ ಜುಮಾ ಮುಗಿಸಿ ನಿಂತಿದ್ದವರು ನಾನು, ಉಪ್ಪಿನಂಗಡಿಯ ಹಮೀದಾಕ ಮತ್ತು ಎದುರು ಮನೆಯ ಸೌದಿ ಅಜ್ಜ. ಮೂವರೂ ಬಿಸಿಲಿನಲ್ಲೇ. ನೆರಳು ಕೊಡುತ್ತಿದ್ದ ಹಳೆಯ ಬೋರೆಮರ ಹಿಂದಿನ ವಾರದ ಬಿರುಗಾಳಿಗೆ ಬುಡಮೇಲಾಗಿ, ಅದನ್ನು ಕಡಿದು ಸಾಗಿಸಿಯೂ ಆಗಿತ್ತು.

“ನನ್ನ ಅಪ್ಪ ನೆಟ್ಟ ಮರ. ನಮ್ಮಲ್ಲಿ ಅದರ ಒಂದು ಫೋಟೊ ಕೂಡ ಇಲ್ಲ” ಎಂದು ಅಜ್ಜ ಹಿಂದಿ ಬೆರೆಸಿದ ಅರಬಿಯಲ್ಲಿ ಹೇಳುತ್ತಾ ಕಣ್ಣೊರೆಸಿಕೊಂಡರು.

ಊರಿನಿಂದ ಹೊಸದಾಗಿ ಬಂದವರು ಮನೆಗೆ ಕಳಿಸುವ ಮೊದಲ ಫೋಟೊವನ್ನು ಆ ಮರದಡಿಯಲ್ಲೇ ತೆಗೆಸಿಕೊಳ್ಳುವುದು ನಮ್ಮವರ ರೂಢಿ. ಹಮೀದಾಕ ನಿಂತಲ್ಲಿಂದಲೇ ಊರಿಗೆ ಫೋನು ಮಾಡಿ, ಮನೆಯ ಗೋಡೆಯ ಮೇಲಿದ್ದ ತಮ್ಮ ಆ ಮೊದಲ ಫೋಟೊವನ್ನು ಹೆಂಡತಿಯಿಂದ ಮೊಬೈಲಿಗೆ ತರಿಸಿಕೊಂಡರು. ನೋಡಿದರೆ, ಯಾರದೋ ಉದ್ದನೆಯ ಬಿಳಿ ಕಾರಿಗೆ ಒರಗಿ ನಿಂತ ತರುಣ ಹಮೀದಾಕ! ಮರವೆಂದರೆ ಮೇಲೆ ನಾಲ್ಕು ಕೊಂಬೆ ಅಷ್ಟೆ.

“ಎಂತ ಹಮೀದಾಕ, ಮರ ಬಿಟ್ಟು ಕಾರು ತೆಗೆಸಿದ್ದಾ?” ಎಂದೆ.

“ಸುಮ್ಮನಿರು ಮಾರಾಯ, ಆಗ ಮದುವೆ ನಿಶ್ಚಯ ಆಗಿದ್ದಷ್ಟೆ. ಮಾವನಿಗೆ ಮರ ತೋರಿಸುವುದಾ?”

ಅಜ್ಜ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಜೋರಾಗಿ ನಕ್ಕುಬಿಟ್ಟರು. “ಇದು ಅಪ್ಪನ ಕಾರು! ಶುಕ್ರವಾರ ಬಂದರೆ ಕಾರಿನ ಬಾಗಿಲ ತುಂಬ ಯಾರದೋ ಬೆರಳ ಗುರುತು ಎಂದು ಬೈಯುತ್ತಿದ್ದರು.”

ತಿಂಗಳ ಮೇಲೆ ಅಜ್ಜ ನಮ್ಮಿಬ್ಬರನ್ನೂ ಕಾಫಿಗೆ ಕರೆದರು. ಅವರ ಪಡಸಾಲೆಯ ಗೋಡೆಯಲ್ಲಿ, ಚಿನ್ನದ ಬಣ್ಣದ ಚೌಕಟ್ಟಿನೊಳಗೆ, ಬೋರೆಮರದ ಕೊಂಬೆ, ಅಪ್ಪನ ಕಾರು, ಅದಕ್ಕೆ ಒರಗಿದ ಹಮೀದಾಕ ಮೂವರೂ ಇದ್ದರು.