ಅತ್ತಿಗೆ ಹಿಡಿದ ಆರು ವಾರ

೧೯೮೬ರ ಫೆಬ್ರುವರಿ ಹತ್ತು, ಸೋಮವಾರ, ಬೆಳಗ್ಗೆ ಹತ್ತು ಗಂಟೆ. ಕರಜಗಿಯ ಮನೆಯಲ್ಲಿ ಅಣ್ಣ, ಅತ್ತಿಗೆ, ನಾನು.

ನಾನಾಗ ಆಳಂದದಲ್ಲಿ ಹೆಡ್‌ಮಾಸ್ತರ. ರಜೆ ಬರೆದಿಟ್ಟು ಮೊದಲ ಬಸ್ಸಿಗೆ ಹೊರಟಿದ್ದೆ. ಐದು ವಾರದ ಹಿಂದೆ ಸೊಲ್ಲಾಪುರದಲ್ಲಿ ಅಣ್ಣನ ಗಂಟಲಿನ ಕ್ಯಾನ್ಸರ್ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದರು. ಆರು ವಾರದೊಳಗೆ ಕರೆಂಟು ಸುರುವಾಗಬೇಕು ಎಂದಿದ್ದರು ಡಾಕ್ಟರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಹಾಗೇ ಹೆಸರು. ಉಳಿದದ್ದು ಏಳೇ ದಿನ.

ಒಳಗಿನಿಂದ ತಿದಿ ಒತ್ತಿದಂಥ ಸದ್ದು ಬರುತ್ತಿತ್ತು. ಅಣ್ಣ ಬಾಯಿ ಮುಚ್ಚಿ ಕೂತಿದ್ದ. ಉಸಿರು ಕೊರಳ ಕೆಳಗಿನ ತೂತಿನಿಂದ ಆಡುತ್ತಿತ್ತು. ನನ್ನನ್ನು ಕಂಡು ತುಟಿ ಅಲ್ಲಾಡಿಸಿದ. ಬರೀ ಗಾಳಿ ಬಂತು.

“ಬಂದಿ ತಮ್ಮಾ, ಕೂಡು ಅಂತಾರ,” ಎಂದಳು ಅತ್ತಿಗೆ, ಅಡುಗೆಮನೆಯೊಳಗಿಂದ.

ಅಲ್ಲಿಂದ ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ.

“ಚೀಲ ಕಟ್ರಿ ಅತ್ತಿಗಿ. ಹನ್ನೊಂದರ ಬಸ್ಸಿಗೆ ಸೊಲ್ಲಾಪುರ.”

“ಹ್ಯಾಂಗ ಆಗ್ತದ? ಡಾಕ್ಟರ್ ಆರು ವಾರ ಅಂದಾರ. ಇವತ್ತಿಗೆ ಮೂರು ಸೋಮವಾರ ಆತು. ಇನ್ನ ಮೂರು ಮುಗಿಸಿ ಬರ್ತೇವಿ. ಅಲ್ಲೀತನಕ ದೀಪ ಆರಬಾರದು, ಊರ ಸೀಮಿ ದಾಟಬಾರದು.”

ಆಗ ತಿಳಿಯಿತು, ಅವಳು ದೇವರ ವಾರ, ಅಂದರೆ ಆರು ಸೋಮವಾರದ ವ್ರತ, ಹಿಡಿದಿದ್ದಾಳೆ.

“ಅದು ಏಳು ದಿನದ ವಾರ್ರಿ. ಕೊಯ್ದ ದಿನದಿಂದ ಎಣಸಬೇಕು. ಕಣ್ಣಿಗಿ ಕಾಣದ ಬೇರು ಉಳದಿದ್ರ ಗಾಯ ಮಾಯಿದ ಕೂಡ್ಲೆ ಸುಡಬೇಕು. ತಡಾ ಮಾಡಿದ್ರ ಮತ್ತ ಚಿಗೀತಾವ.”

“ಸಾಲ್ಯಾಗಿನ ಗಂಟಿ ಇಲ್ಲಿ ಬಾರಿಸಬ್ಯಾಡ, ತಮ್ಮಾ. ಇವರೂ ಇನ್ನ ಮೂರು ವಾರ ತಡಿ ಅನ್ನಾಕತ್ತಾರ.”

ತಿರುಗಿ ನೋಡಿದೆ. ಅಣ್ಣನ ತುಟಿ ಅಲ್ಲಾಡಿರಲೇ ಇಲ್ಲ.

ಅವನು ಎದ್ದ. ದೇವರ ಜಗಲಿಯ ಮುಂದೆ ನಿಂತು ದೀಪದ ಮೇಲೆ ಬಾಗಿದ. ಕುಡಿ ಮೊದಲು ಅವನ ಕೊರಳ ಕಡೆ ವಾಲಿತು, ಯಾರೋ ಕರೆದಂತೆ. ಆಮೇಲೆ ತೂತಿನಿಂದ ಸುಂಯ್ ಎಂದು ಉಸಿರು ಬಂದು ದೀಪ ಆರಿಹೋಯಿತು. ಅಷ್ಟೂ ಹೊತ್ತು ಬಾಯಿ ಬಿಗಿದೇ ಇತ್ತು. ಹೊಗೆಯ ಎಳೆ ಆ ತೂತಿನತ್ತ ಹೊರಳಿದ್ದು ಕಂಡು ಅವನ ಭುಜ ಹಿಡಿದು ಹಿಂದಕ್ಕೆಳೆದೆ.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

“ಗಾಳಿ ಇದ್ದಿಲ್ಲ,” ಎಂದಳು. “ಇವರೇ ಆರಿಸ್ಯಾರ.”

ನಂತರ ಅಣ್ಣನ ಮುಖ ನೋಡಿ, “ಆತು, ನಡೀರಿ,” ಎಂದು ಚೀಲ ಕಟ್ಟಿದಳು. ದಾರಿಯುದ್ದಕ್ಕೂ ಅವನ ಪರವಾಗಿ ಒಂದು ಮಾತೂ ಆಡಲಿಲ್ಲ.

ನಾಲ್ಕಕ್ಕೆ ಸೊಲ್ಲಾಪುರದಲ್ಲಿ ಡಾಕ್ಟರು ಕರೆಂಟು ಕೊಡುವ ಜಾಗ ಗುರುತಿಸಿ ಕೊರಳ ಮೇಲೆ ನೇರಳೆ ಗೆರೆ ಎಳೆದು, ಗುರುವಾರ ಮೊದಲ ಸರದಿ ಎಂದರು. ಆರಕ್ಕೆ ಧರ್ಮಶಾಲೆಯಲ್ಲಿ ಕೋಣೆ ಸಿಕ್ಕಿತು. ಒಣ ಗಾಳಿ, ಧೂಳು ಒಳಹೋಗದಿರಲೆಂದು ಅರಿವೆ ತೋಯಿಸಿ, ಹಿಂಡಿ, ಗೆರೆ ಅಳಿಯದಂತೆ ತೂತಿನ ಮುಂದೆ ಇಳಿಬಿಟ್ಟು ಕಟ್ಟಿದೆ.