ಕಡ್ಡಾಯ ಸ್ವಯಂಪ್ರೇರಣೆ

ಹೊಸ ಅಟೆಂಡರ್ ಹೊರಗಿನಿಂದ ಬೀಗ ಜಡಿದು ಟೀ ಕುಡಿಯಲು ಹೋದಾಗ, ಮಹಡಿಯ ಮೂಲೆಕೋಣೆಯಲ್ಲಿ ಲೆಕ್ಕದ ಮೇಷ್ಟ್ರೂ ನಾಲ್ವರು ಹುಡುಗಿಯರೂ ಅರ್ಧ ಬರೆದ ಒಂದು ತ್ರಿಕೋನವೂ ಉಳಿದುಹೋದವು. ಮೈದಾನದ ಗಲಾಟೆ ಕೇಳದಿರಲೆಂದು ಮೇಷ್ಟ್ರು ಬಾಗಿಲು ಮುಚ್ಚಿಕೊಂಡಿದ್ದೇ ತಪ್ಪಾಯಿತು. ಬಡಿದು ಬಡಿದು ಕೈಸೋತು, ಕೊನೆಗೆ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಡಸ್ಟರ್ ಬೀಸಿದರು. ಕೆಳಗೆ ಹೋಗುತ್ತಿದ್ದ ಹೆಡ್‌ಮೇಡಂ ತಲೆಯ ಮೇಲೆ ಸೀಮೆಸುಣ್ಣದ ಪುಡಿ ಉದುರಿತು. ಹಿಂದಿನ ದಿನವಷ್ಟೇ ಕಪ್ಪು ಹಚ್ಚಿಸಿಕೊಂಡಿದ್ದ ಕೂದಲು ಕ್ಷಣದಲ್ಲಿ ನಿಜ ನುಡಿಯಿತು.

"ಯಾರ್ರೀ ಅದು ಮೇಲೆ?"

"ನಾನೇ ಮೇಡಂ, ಲೆಕ್ಕ!"

ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಒಂದು ಗಂಟೆ ನಿಂತು ಹಿಂದುಳಿದವರಿಗೆ ಪಾಠ ಹೇಳುತ್ತಾರೆಂಬುದು ಬಯಲಾದದ್ದು ಹೀಗೆ. ಎರಡು ವರ್ಷದಿಂದ ನಡೆದಿತ್ತು. ಲೆಕ್ಕದ ಮೇಷ್ಟ್ರನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಕೊಡೆ ಮರೆಯದ, ಹೆಸರು ಮರೆಯುವ ಮನುಷ್ಯ. ಮಕ್ಕಳನ್ನು ಗುರುತಿಸುತ್ತಿದ್ದುದು ಅವರು ಮಾಡುವ ತಪ್ಪಿನಿಂದ. "ಏ ಮೈನಸ್ ನುಂಗೋಳೇ, ಬಾಮ್ಮ ಇಲ್ಲಿ" ಎಂದರೆ ಟೈಲರನ ಮಗಳು ಎದ್ದು ಬರುತ್ತಿದ್ದಳು. ಎರಡು ಸಲ ಫೇಲಾಗಿದ್ದಳು. ಮೂರನೆಯದೂ ಹೋದರೆ ಶಾಲೆಗೆ ಕೊನೆಯ ನಮಸ್ಕಾರ, ಅಪ್ಪನ ಅಂಗಡಿಯಲ್ಲಿ ಗುಂಡಿ ಹೊಲಿಯುವುದೇ ಗತಿ. ಪರೀಕ್ಷೆಗೆ ಉಳಿದದ್ದು ಐದು ವಾರ.

ಹೆಡ್‌ಮೇಡಂ ತಲೆ ಒರೆಸಿಕೊಂಡು ಹಿಗ್ಗಿದರು. ಮರುದಿನವೇ ಸುತ್ತೋಲೆ: "ಎಲ್ಲ ಶಿಕ್ಷಕರೂ ನಿತ್ಯ ಒಂದು ಗಂಟೆ ಸ್ವಯಂಪ್ರೇರಣೆಯಿಂದ ಹೆಚ್ಚುವರಿ ಪಾಠ ಮಾಡತಕ್ಕದ್ದು. ತಪ್ಪಿದಲ್ಲಿ ಲಿಖಿತ ವಿವರಣೆ ನೀಡತಕ್ಕದ್ದು." ಸಹಿಗೆ ರಿಜಿಸ್ಟರ್ ಬೇರೆ.

ಉಳಿದವರು ಸಹಿ ಹಾಕಿ ಕೂತಲ್ಲೇ ತೂಕಡಿಸಿದರು. ಮೇಷ್ಟ್ರಿಗೆ ಮಾತ್ರ ನಾಲ್ಕು ಹೊಡೆಯುತ್ತಲೇ ತಲೆನೋವು. "ತಲೆನೋವು" ಎಂದು ವಿವರಣೆ ಬರೆದಿಟ್ಟು, ನಾಲ್ಕರ ಬಸ್ಸಿನ ಮೆಟ್ಟಿಲಲ್ಲಿ, ಯಾರದೋ ಮೊಣಕೈ ಪಕ್ಕೆಗೆ ಚುಚ್ಚಿಸಿಕೊಳ್ಳುತ್ತ ಜೋತಾಡಿಕೊಂಡು ಮನೆಗೆ. ಹೀಗೆ ಹತ್ತು ದಿನ.

ಹನ್ನೊಂದನೆಯ ದಿನ ಟೈಲರನ ಮಗಳು ಹೆಡ್‌ಮೇಡಂ ಕೋಣೆಗೆ ನುಗ್ಗಿದಳು.

"ಮೇಡಂ, ಆ ರಿಜಿಸ್ಟರ್ ತೆಗೆದುಬಿಡಿ. ಮೇಷ್ಟ್ರಿಗೆ ಅದೇ ತಲೆನೋವು."

"ಏನೇ, ನನಗೇ ಪಾಠ ಹೇಳೋಕೆ ಬಂದ್ಯಾ?"

"ಇಲ್ಲ ಮೇಡಂ. ನಂಗೆ ಪಾಠ ಹೇಳೋರು ಬೇಕು, ಅದಕ್ಕೆ ಬಂದೆ."

ಹೆಡ್‌ಮೇಡಂ ಮುಖ ಗಂಟಿಕ್ಕಿದರು, ಗೊಣಗಿದರು, ಆಮೇಲೆ ರಿಜಿಸ್ಟರನ್ನು ಬೀರುವಿನ ಅಡಿಖಾನೆಗೆ ತಳ್ಳಿ ಸುತ್ತೋಲೆ ಹರಿದರು. ಮರುದಿನ ಮೇಷ್ಟ್ರ ತಲೆನೋವು ಮಾತ್ರೆಯಿಲ್ಲದೆ ವಾಸಿಯಾಯಿತು. ಮೂಲೆಕೋಣೆಯಲ್ಲಿ ಹಳೆಯ ತ್ರಿಕೋನಕ್ಕೆ ಮೂರನೆಯ ಗೆರೆ ಬಿತ್ತು. ಬಾಗಿಲಿಗೊಂದು ಇಟ್ಟಿಗೆ ಅಡ್ಡ ಬಿತ್ತು.

ಫಲಿತಾಂಶ ಬಂತು. ನಾಲ್ವರೂ ಪಾಸು. ಮೈನಸ್ ನುಂಗುವವಳಿಗೆ ಮೂವತ್ತೇಳು, ಬೇಕಾದದ್ದಕ್ಕಿಂತ ಎರಡು ಪ್ಲಸ್! ಹೆಡ್‌ಮೇಡಂ ಕುರ್ಚಿಗೊರಗಿ, ಇಷ್ಟು ದಿನ ಬಿಗಿಹಿಡಿದಿದ್ದ ಉಸಿರನ್ನು ಒಂದೇ ಸಲ ಬಿಟ್ಟರು. ಆಮೇಲೆ ಸ್ಟಾಫ್‌ರೂಮಿಗೆ ಬಂದು ಎಲ್ಲರೆದುರು ಕೇಳಿದರು:

"ಮಾಡಿ ಅಂದ್ರೆ ಮಾಡಲ್ಲ, ಹೇಳದಿದ್ರೆ ಮಾಡ್ತೀರಿ. ನಿಜ ಹೇಳಿ ಮೇಷ್ಟ್ರೇ, ನಿಮ್ಮನ್ನ ದಿನಾ ಆ ಒಂದು ಗಂಟೆ ಇಲ್ಲಿ ಹಿಡಿದಿಡೋದು ಏನು?"

ಸ್ಟಾಫ್‌ರೂಮೆಲ್ಲ ಕಿವಿಯಾಯಿತು. ಇಂಗ್ಲಿಷ್ ಮೇಡಂ ಬರೆದುಕೊಳ್ಳಲು ಪೆನ್ನಿನ ಟೋಪಿ ಬಿಚ್ಚಿದರು. ಮೇಷ್ಟ್ರು ಕೊಡೆ ಕಂಕುಳಿಗೆ ಸಿಕ್ಕಿಸಿಕೊಂಡರು.

"ನಾಲ್ಕರ ಬಸ್ಸಲ್ಲಿ ಸೀಟ್ ಸಿಗಲ್ಲ ಮೇಡಂ."