ಅಜ್ಜಿಯ ಉಡಿಯಕ್ಕಿಯಲ್ಲ, ಉಡಿಜೋಳ

ಮರಾಠಿ ನಾಡಿನ ಶಿವಾಜಿನಗರದ ಸಂಶೋಧನಾಲಯದ ಪರದೆಯ ಮೇಲೆ ಸಾವಿರಾರು ಚುಕ್ಕೆಗಳು ಹಾಸಿಕೊಂಡಿದ್ದವು. ಅವುಗಳ ನಡುವೆ ಒಂದೇ ಒಂದು ಚುಕ್ಕೆ ಕಳಶದಂತೆ ಎದ್ದು ನಿಂತಿತ್ತು. ನೂರಾರು ನಾಟಿ ಜೋಳಗಳ ವಂಶವಾಹಿಗಳನ್ನು, ಹೊಲದಲ್ಲಿ ಅವು ನೀರಿಲ್ಲದೆ ಬಾಳಿದ ಬಗೆಯೊಂದಿಗೆ ಹೋಲಿಸಿ ಬರೆದ ಚಿತ್ರವದು. ಅಮ್ಮ ಹಿಂದೊಮ್ಮೆ ಕೊಟ್ಟಿದ್ದ ಹಿಡಿ ಜೋಳವೂ ಅದರಲ್ಲಿತ್ತು.

"ಅಕ್ಕಾರ, ನೀರಿಲ್ದ ತಡಕೊಳ್ಳೋ ಜೋಳದಾಗ ಹೆಚ್ಚುಕಮ್ಮಿ ಎಲ್ಲಾದ್ರಾಗೂ ಈ ಗುರುತು ಅದ್ರಿ. ನಿಮ್ಮದ್ರಾಗೂ ಅದ. ಹೊಸ ತಳಿ ಮಾಡಾಕ ಇನ್ನ ಹಾದಿ ಭಾಳ ಸಲೀಸ್ ಆತು," ಎಂದು ಕಲಬುರಗಿ ಕಡೆಯ ವಿಜ್ಞಾನಿ ನನ್ನ ಜೊತೆ ಬಂದಿದ್ದ ಅಮ್ಮನಿಗೆ ಆ ಚುಕ್ಕೆ ತೋರಿಸಿದರು.

ನಾನು ಬೆರಗಾಗಿ ನಿಂತೆ. ಅಮ್ಮನ ಮದುವೆಯಲ್ಲಿ ಅಜ್ಜಿ ಮಗಳ ಉಡಿ ತುಂಬಿದ್ದ ಬೀಜವದು. ದೌಂಡದ ಬಳಿಯ ತುಂಡು ಹೊಲದಲ್ಲಿ ವರ್ಷವರ್ಷವೂ ಬಿತ್ತಿ ಅಮ್ಮ ಅದನ್ನು ಉಳಿಸಿದ್ದಳು. ಅಜ್ಜಿಯ ಆ ಬೊಗಸೆಯೊಳಗೆ ಈ ಚುಕ್ಕೆ ಇತ್ತೆಂದು ಯಾರಿಗೆ ಗೊತ್ತಿತ್ತು?

ಅಮ್ಮ ಮಾತ್ರ ಮೇಜಿನ ಮೇಲಿದ್ದ ತನ್ನ ಬೀಜದ ಪೊಟ್ಟಣವನ್ನು ತಿರುಗಿಸಿ ನೋಡಿದಳು. "ಬರೇ ನಂಬರ್ ಹಾಕೀರಲ್ರಿ ಸಾಹೇಬ್ರ? ನಮ್ಮವ್ವಗ ಹೆಸರಿತ್ರಿ."

ವಿಜ್ಞಾನಿ ಪೆನ್ನು ತೆಗೆದರು.

ಪೊಟ್ಟಣದ ಮೇಲೆ ಈಗ ‘ನೀಲವ್ವ’ ಎಂದಿದೆ. ಹೊಸ ತಳಿ ಬಿಡುಗಡೆಯಾಗುವ ದಿನವೂ ಆ ಹೆಸರು ಇರಲೇಬೇಕು. ಇಲ್ಲದಿದ್ದರೆ ಕೇಳಲು ನೀಲವ್ವನ ಮೊಮ್ಮಗಳಿದ್ದಾಳೆ.